ತೂಬಿನ ಕಂಬದ ಕ್ಯಾಮೆರಾ

“ಚಪ್ಪಲಿ ಹೊರಗ ಬಿಟ್ಟಿ, ಖರೇ. ಕಾಲು ಯಾಕ ಒಳಗ ಇಟ್ಟೀಲೇ ಭಾಡ್ಯಾ?”

ಬಸವಂತ್ರಾಯ ಸಾಹುಕಾರ ಹೀಗೆ ಕೇಳುವ ಹೊತ್ತಿಗೆ ನಾನು ಅವನ ಪಡಸಾಲೆಯೊಳಗೆ ಎರಡು ತಾಸು ಕಳೆದಾಗಿತ್ತು. ಗೋಡೆಗೆ ಟಿವಿ ಸಿಕ್ಕಿಸಿ, ಚಿತ್ರ ತುಂಬಿಕೊಳ್ಳುವ ಪೆಟ್ಟಿಗೆಯನ್ನು ಅದರ ಕೆಳಗೆ ಕೂರಿಸಿ, ಮನೆಯ ಸುತ್ತ ಏಳು ಕ್ಯಾಮೆರಾ ಹಚ್ಚಿ ಮುಗಿಸಿದ್ದೆ. ಅವನೇ ಖುದ್ದು ಗಾಜಿನ ಕಪ್ಪಿನಲ್ಲಿ ಚಹಾ ಕೊಡಿಸಿದ್ದ. ಶಹಾಪುರದ ಸುಲ್ತಾನಸಾಬರ ಅಂಗಡಿಯಿಂದ ಬಂದವನು, ಪ್ಯಾಂಟು ಹಾಕಿದವನು, ಬೆನ್ನ ಮೇಲೆ ಅಂಗಡಿಯ ಹೆಸರಿರುವ ಅಂಗಿ ತೊಟ್ಟವನು. ಯಾರೋ ಒಳಗೆ ಬರಬಹುದಾದವನೇ ಇರಬೇಕು ಅಂದುಕೊಂಡಿದ್ದ. ಚಹಾ ಕುಡಿಯುತ್ತ ಬೀಗರು ಎಲ್ಲಿ ಅಂತ ವಿಚಾರಿಸಿದ. ಬಾಯಿ ಮುಚ್ಚಿಕೊಂಡಿರಬೇಕಿತ್ತು ನಾನು. “ನಿಮ್ಮೂರಾಗೇ ನಮ್ಮಕ್ಕನ್ನ ಕೊಟ್ಟೀವ್ರಿ, ದೇವಕಮ್ಮ ಅಂತ. ನಿಮ್ಮ ಗದ್ದಿಗೇ ನಾಟಿ ಹಚ್ಚಾಕ ಬರ್ತಾಳ್ರಿ” ಅಂದೆ. ಹೆಮ್ಮೆಯಿಂದಲೇ ಅಂದೆ, ಅದೇ ನನ್ನ ಹುಚ್ಚುತನ; ಅಕ್ಕ ಯಾವ ಕೇರಿಯವಳೆಂದು ಅವನಿಗೆ ಗೊತ್ತಿತ್ತು.

ಕಪ್ಪನ್ನು ಕಿಟಕಿಯ ಮೇಲಿಡಲು ಹೋದೆ.

“ಅಲ್ಲಿಡಬ್ಯಾಡ! ಹೊರಗ ಒಯ್ದು ತಿಪ್ಪಿಗಿ ಒಗಿ. ಮೊದಲೇ ಹೇಳಾಕ ಏನು ರೋಗ ಬಡದಿತ್ತು ನಿನಗ?”

“ನೀವು ಕೇಳಲಿಲ್ರಿ.”

“ಎದುರು ಮಾತಾಡ್ತೀ? ಹೊರಗ ನಡಿ.”

ನಾನು ಹೊರಗೆ ಬಂದ ಬೆನ್ನಿಗೇ ಅವನ ಹೆಂಡತಿ ಮಲ್ಲಾಬಾಯಿ ಒಂದು ಕೊಡ ನೀರು ತಂದು, ನಾನು ನಿಂತಿದ್ದ ಜಾಗಕ್ಕೆ ಸುರಿದಳು. ನೀರು ಸೀದಾ ವೈರಿನ ಕಡೆ ಹರಿಯಿತು. “ಅವ್ವಾರ, ಕರೆಂಟ್ ಐತ್ರೀ, ಸತ್ತುಗಿತ್ತೀರಿ, ಹಿಂದಕ್ಕ ಸರೀರಿ!” ಅಂತ ಅಂಗಳದಿಂದ ನಾನೇ ಕೂಗಬೇಕಾಯಿತು. ಆಕೆ ನನ್ನ ಮಾತು ಕೇಳಿ ಹಿಂದೆ ಸರಿದಳು, ಮುಖ ಮಾತ್ರ ನೋಡಲಿಲ್ಲ.

ಉಳಿದದ್ದು ಎಂಟನೆಯ ಕ್ಯಾಮೆರಾ. ಮನೆಯ ಹಿಂದೆ ಗದ್ದೆ, ಗದ್ದೆಯಾಚೆ ಕಾಲುವೆಯ ಏರಿ. ಗದ್ದೆಗೆ ನೀರು ಬಿಡುವ ತೂಬಿನ ಪಕ್ಕ ಒಂದು ಕಂಬ ನೆಡಿಸಿದ್ದ. ಯಾರೋ ತೂಬು ಎತ್ತಿ ನೀರು ಕದಿಯುತ್ತಾರೆ, ಅದು ಕಾಣಬೇಕು ಅಂದಿದ್ದ.

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮನೆಯವರನ್ನು ಟಿವಿಯ ಮುಂದೆ ಕೂರಿಸಿ, ನಾವು ನಿಚ್ಚಣಿಕೆ ಹತ್ತಿ, ಫೋನಿನಲ್ಲಿ ಕೇಳುತ್ತ ಕೇಳುತ್ತ ಕ್ಯಾಮೆರಾ ತಿರುಗಿಸುತ್ತೇವೆ. ಆಮೇಲೆ ಇಳಿದು ಹೋಗಿ ಟಿವಿಯಲ್ಲಿ ಕಣ್ಣಾರೆ ನೋಡಿ, ಮತ್ತೆ ಬಂದು ಸ್ಕ್ರೂ ಬಿಗಿಯುವುದು. ಕೈಫೋನಿನಲ್ಲೇ ಚಿತ್ರ ನೋಡುವ ಕಾಲ ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ. ಇಲ್ಲಿ ನಾನು ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಸಾಹುಕಾರ ಹೇಳಿದಷ್ಟೇ ನನಗೆ ಗೊತ್ತು.

“ಎಡಕ್ಕ ಹೊಳ್ಳಸು,” ಅಂದ ಫೋನಿನಲ್ಲಿ.

“ತೂಬು ಕಾಣಾಕತ್ತೈತೇನ್ರಿ?”

“ಹೇಳಿದಷ್ಟು ಮಾಡು. ಇನ್ನೊಂದೀಟು ಎಡಕ್ಕ. ಕೆಳಗ ಬಗ್ಗಸು. ಹಾಂ, ಬಸ್ ಬಸ್! ಅಲ್ಲೇ ಬಿಗಿ.”

ಬಿಗಿದೆ. ಒಳ್ಳೆಯ ಕೆಲಸಗಾರ ನಾನು, ಗಾಳಿ ಬಂದರೂ ಮಿಸುಕದ ಹಾಗೆ ಬಿಗಿದೆ. ಫೋನು ಕಟ್ ಮಾಡಲು ಅವನು ಮರೆತಿದ್ದ. ಪಡಸಾಲೆಯಲ್ಲೇ ಕೂತಿದ್ದ ಅವನ ಹೆಂಡತಿಯ ತಮ್ಮನ ನಗು ಕೇಳಿಸಿತು. “ಬುತ್ತಿ ಹೊತ್ತಾತು, ಈಗ ಒಬ್ಬೊಬ್ಬಾಕಿನೇ ಬರ್ತಾವ ನೋಡು ಮಾವಾ,” ಅಂದ.

ಫೋನು ಕಟ್ ಮಾಡಿ ತಿರುಗಿ ನೋಡಿದೆ. ತೂಬು ನನ್ನ ಬಲಕ್ಕಿತ್ತು. ಕ್ಯಾಮೆರಾದ ಮೂತಿ ನೆಟ್ಟಿದ್ದು ಏರಿಯ ಕೆಳಗಿನ ಜಾಲಿಕಂಟಿಯ ಪೊದೆಯ ಕಡೆ.

ಕಾಲುವೆ ಬರುವ ಮುಂಚೆ ಇಲ್ಲೆಲ್ಲ ಜೋಳದ ಹೊಲ, ಹಳ್ಳ, ಕೊರಕಲು. ಬಯಲಕಡೆಗೆ ಹೋಗುವ ಹೆಣ್ಣುಮಕ್ಕಳಿಗೆ ಮರೆಗೆ ಕೊರತೆ ಇರಲಿಲ್ಲ. ನೀರು ಬಂತು, ಸಾಹುಕಾರ ಮಡಿಮಡಿಯನ್ನೂ ಮಟ್ಟಸ ಮಾಡಿ ಭತ್ತ ಹಚ್ಚಿಸಿದ. ಈಗ ಕಣ್ಣು ಹಾಯುವವರೆಗೆ ಮೊಣಕಾಲುದ್ದ ನೀರು. ಅಕ್ಕನ ಕೇರಿಯ ಹೆಂಗಸರಿಗೆ ಕೂರಲು ಉಳಿದದ್ದು ಆ ಒಂದು ಕಂಟಿ. ಅಲ್ಲಿ ನಾಲ್ಕು ಕಲ್ಲು, ನಡೆದು ನಡೆದು ಸವೆದ ಒಂದು ದಾರಿ.

ಆ ದಾರಿಯಲ್ಲಿ ನನ್ನ ಅಕ್ಕನೇ ಮುಂದಾಗಿ ಬರುತ್ತಿದ್ದಳು, ಕೈಯಲ್ಲಿ ನೀರಿನ ಡಬ್ಬಿ ಹಿಡಿದು, ಸೀರೆ ಎತ್ತಿ ಕಟ್ಟಿ, ತೊಡೆಯವರೆಗೆ ಕೆಸರು. ಹಿಂದೆ ನಾಟಿಯ ಹೆಂಗಸರು ಏಳೆಂಟು ಮಂದಿ.

“ಏ ಮಲ್ಕ್ಯಾ! ಅಲ್ಲೇನ್ ಮಾಡಾಕತ್ತೀಯೋ ಮಂಗ್ಯಾನಂಗ ಏರಿ? ರೊಟ್ಟಿ ತಂದೀನಿ, ಉಣ್ಣು ಬಾ.”

“ಯಕ್ಕಾ, ಅಲ್ಲೇ ನಿಂದರು. ಕಂಟ್ಯಾಗ ಹೋಗಬ್ಯಾಡ.”

“ಯಾಕ, ಹಾವೈತೇನು?”

ಇಳಿದು ಹೇಳಿದೆ. ಟಿವಿ, ಪಡಸಾಲೆ, ಸಾಹುಕಾರ, ಅವನ ಹೆಂಡತಿಯ ತಮ್ಮನ ನಗು, ಎಲ್ಲ. ಆಕೆ ಒಮ್ಮೆ ಕಂಬದ ಕಡೆ ನೋಡಿದಳು, ಒಮ್ಮೆ ಕಂಟಿಯ ಕಡೆ.

“ಬಿಗಿದಾವ ಯಾರು?”

“ನಾನs.”

“ತೂ ನಿನ್ನ!” ಅಂದಳು. “ಇಷ್ಟು ವಿದ್ಯಾ ಕಲ್ತದ್ದು ಇದಕ್ಕೇನೋ, ಹಾಟ್ಯಾ?”

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆದರೂ ಬಾಯಿಗೆ ಬಂದದ್ದು ನೌಕರಿಯ ಮಾತೇ. “ತಿರುವಿದ್ರ ಅಂಗಡಿಗೆ ಫೋನ್ ಹಚ್ತಾನ ಯಕ್ಕಾ. ಸುಲ್ತಾನಸಾಬ ನನ್ನ ನಾಳೇನೇ ತಗದು ಒಗೀತಾನ. ನೌಕರಿ ಹೋಗ್ತೈತಿ.”

“ನಿನ್ನ ನೌಕರಿ ನನಗೂ ಬೇಕೋ. ಊರ ತುಂಬ ಹೇಳ್ಕೊಂತ ತಿರುಗೀನಿ, ನನ್ನ ತಮ್ಮ ಕ್ಯಾಮೆರಾ ಹಚ್ತಾನಂತ.” ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದಳು. “ಆದ್ರ ನಾ ಎಲ್ಲಿ ಕುಂದ್ರಬೇಕು? ಅದನ್ನ ಹೇಳು.”

ಹಿಂದಿದ್ದವರಲ್ಲಿ ರತ್ನಾಬಾಯಿ ಎಂಬ ಮುದುಕಿ ನೀರಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಮತ್ತೆ ನಿಚ್ಚಣಿಕೆ ಹತ್ತಿದೆ. ಸ್ಕ್ರೂ ಸಡಿಲ ಮಾಡಿ ಕ್ಯಾಮೆರಾವನ್ನು ತೂಬಿನ ಕಡೆ ತಿರುಗಿಸಿದೆ.

ಫೋನು ಬಡಿದುಕೊಂಡಿತು. “ಏಯ್, ತೂಬು ಬಂತಲೇ! ಮೊದಲಿನಂಗ ಇಡು.”

“ತೂಬು ಕಾಣಬೇಕಂತ ನೀವs ಹೇಳಿದ್ರಲ್ರಿ.”

“ಹೊಲ್ಯಾ ಸೂಳಿಮಗನ, ನನಗ ಶಾಣ್ಯಾತನ ಹೇಳ್ತೀ? ಮೊದಲಿನಂಗ ಇಡ್ತೀಯೋ, ಮಂದಿ ಕಳಸಲ್ಯೋ?”

“ಕಳಸ್ರಿ.”

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೇ ಗೊತ್ತಿಲ್ಲ. ಮತ್ಯಾವನೋ ಬಂದು ತಿರುಗಿಸಿಬಿಟ್ಟರೆ? ಜೇಬಿನಿಂದ ಕಟರ್ ತೆಗೆದು ವೈರು ಕತ್ತರಿಸಿದೆ. ಕ್ಯಾಮೆರಾ ಬಿಚ್ಚಿ ಕಾಲುವೆಗೆ ಎಸೆದೆ. ಅದು ಎರಡು ಸಲ ಮೇಲೆದ್ದು ಮುಳುಗಿತು. ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿದಂತಾಯಿತು, ಅದರ ಹಿಂದೆಯೇ ಹೆದರಿಕೆಯೂ ಬಂತು.

ಸಾಹುಕಾರನ ಮನೆಯ ಕಡೆಯಿಂದ ಎರಡು ಮೋಟರ್‌ಸೈಕಲ್ ಏರಿ ಹತ್ತಿದವು. ಒಂದೊಂದರ ಮೇಲೆ ಮೂವರು, ಕೈಯಲ್ಲಿ ಬಡಿಗೆ.

“ಓಡು ಮಲ್ಕ್ಯಾ, ತೂಬು ದಾಟಿ ಓಡು!” ಅಂದಳು ಒಬ್ಬಾಕೆ.

“ಓಡಿದ್ರ ನಾಳೆ ಮತ್ತೊಂದು ಕಂಬ ನೆಡ್ತಾನ,” ಅಂದಳು ಅಕ್ಕ. ನಿಂತಲ್ಲೇ ಹೊಟ್ಟೆ ಹಿಡಿದುಕೊಂಡಳು. “ನನಗ ತಡಿಯಾಕ ಆಗವಲ್ದು. ಮುಂಜಾನಿಯಿಂದ ಹಿಡದೀನಿ. ನಾ ಹೋಗಿ ಬರ್ತೀನಿ. ನೀವು ಅಡ್ಡ ನಿಂತು ಮರಿ ಆಗ್ರಿ.”

ಡಬ್ಬಿ ಹಿಡಿದು, ಅವಸರ ಮಾಡದೆ, ಕಂಟಿಯೊಳಗೆ ಹೋದಳು.

ರತ್ನಾಬಾಯಿ ಎತ್ತಿ ಕಟ್ಟಿದ್ದ ಸೀರೆಯನ್ನು ಇಳಿಬಿಟ್ಟಳು. ಉಳಿದವರೂ ಇಳಿಬಿಟ್ಟರು. ಭುಜಕ್ಕೆ ಭುಜ ಹಚ್ಚಿ ಏರಿಯ ಮೇಲೆ ಸಾಲಾಗಿ ನಿಂತರು. ಮೋಟರ್‌ಸೈಕಲ್‌ಗಳು ಹಾರನ್ ಬಾರಿಸುತ್ತ ಬಂದವು. ಒಬ್ಬರೂ ದಾರಿ ಬಿಡಲಿಲ್ಲ. ನಾನು ನಿಚ್ಚಣಿಕೆ ಇಳಿದು, ಸಾಲಿನ ಕೊನೆಗೆ ಹೋಗಿ, ಕಂಟಿಗೆ ಬೆನ್ನು ಮಾಡಿ ನಿಂತೆ.