ಅಪ್ಪ ಜಗಲಿಯಿಂದ ಎದ್ದದ್ದು

ನಮ್ಮತ್ತೆ ಮಗ ಚಿಕ್ಕರಂಗನಿಗೆ ತಲೆ ಕೆಟ್ಟಿದ್ದು ಸಿರಾಕ್ಕೆ ಟೆಂಟು ಸಿನಿಮಾ ಬಂದಾಗ. ಅದರಲ್ಲಿ ಕೈಯಲ್ಲಿ ಬರೆದ ಬೆಕ್ಕೊಂದು ಕುಣೀತಂತೆ. ಮಧುಗಿರೀಲಿ ದೇವರ ಪಟ, ಮಹಾರಾಜರ ಪಟ ಬರ್ಕೊಂಡು ನೆಟ್ಟಗಿದ್ದೋನು, ಅವತ್ತಿಂದ ಅಂಗೈಯಗಲದ ಕಾಗದದ ಕಟ್ಟು ಹಿಡ್ಕೊಂಡ. ಒಂದೊಂದು ಹಾಳೇಲೂ ಒಂಚೂರು ಬೇರೆ ಮಾಡಿ ಬರೆದು, ಹೆಬ್ಬೆರಳಲ್ಲಿ ಸರಸರ ಬಿಟ್ಟು, "ನೋಡು ಹನುಮಿ, ಕೋಳಿ ಓಡ್ತು" ಅನ್ನೋನು. ಕೋಳಿ ಕಟ್ಕೊಂಡು ನಂಗೇನಾಗಬೇಕು? ನಂಗೆ ಅವನು ಬೇಕಿತ್ತು.

"ಈ ಹುಚ್ಚನಿಗೆ ಹೆಣ್ಣು ಕೊಡಾಕಿಲ್ಲ" ಅಂತ ನಮ್ಮಪ್ಪ ಮೂಡಲಗಿರಿಯಪ್ಪ ಹಟ ಹಿಡಿದ. ಅತ್ತೆ ನಮ್ಮೂರು ಕೊಳಾಲಕ್ಕೆ ಬಂದು, ನಮ್ಮ ಮನೇಲಿ ಕೂತು ಅತ್ತ ಮೇಲೆ ಅಪ್ಪ ಒಂದು ಮಾತು ಕೊಟ್ಟ. "ನಾನು ಜಗಲಿಯಿಂದ ಏಳೋದನ್ನ ಕಾಗದದಾಗೆ ತೋರಿಸ್ಲಿ. ಅದು ನಾನೇ ಅನ್ನಿಸಿದ್ರೆ ಮದುವೆ."

ರಂಗ ಬರೆದು ತಂದ. ದೇವರ ಪಟ ಬರೆದು ಪಳಗಿದ ಕೈ, ಅಳತೆ ಅಂದ್ರೆ ಅಳತೆ. ಹೊಟ್ಟೆ ಕುಗ್ಗಂಗಿಲ್ಲ, ಸೊಂಟ ಬಗ್ಗಂಗಿಲ್ಲ. ಹಾಳೆ ಬಿಟ್ಟರೆ ಅಪ್ಪ ಕೂತಂಗೇ ಮೇಲಕ್ಕೆ ಹೋದ.

"ಇದೇನ್ಲಾ, ನನ್ನನ್ನ ಉತ್ಸವದ ದೇವರಂಗೆ ಹೊತ್ಕೊಂಡು ಹೋಗ್ತಾವ್ರಾ? ಇನ್ನೊಂದು ಸಲ ನೋಡ್ತೀನಿ, ಅಷ್ಟೇಯ" ಅಂದ ಅಪ್ಪ.

ನಂಗೆ ಮೈಯೆಲ್ಲಾ ಉರಿದೋಯ್ತು. ರಂಗನ್ನ ಹಿತ್ತಿಲಿಗೆ ಎಳ್ಕೊಂಡು ಹೋಗಿ ಬೈದೆ. "ಅಪ್ಪ ಸುಮ್ನೆ ಏಳ್ತಾನಾ? ಮೊದಲು ಇನ್ನೂ ಕೆಳಕ್ಕೆ ಕುಸೀತಾನೆ. ಕೈ ಮಂಡಿಗೆ ಹೋಯ್ತದೆ, ಹೊಟ್ಟೆ ಪಕ್ಕಕ್ಕೆ ಉಬ್ಬತದೆ. ಆಮೇಲೆ ಮೈ ಉದ್ದ ಆಗಿ ಏಳ್ತದೆ. ಅವನು ಎದ್ದು ನಿಂತ್ರೂ ರುಮಾಲಿನ ಚುಂಗು ಇನ್ನೂ ಬರ್ತಾನೇ ಇರ್ತದೆ." ಅವನು ಬಾಯಿ ಬಿಟ್ಕೊಂಡು ನಿಂತಿದ್ದ. ಪೆನ್ಸಿಲ್ಲು ಕಿತ್ಕೊಂಡು ನಾನೇ ಬರೆದೆ. ಗೀಟೆಲ್ಲಾ ಸೊಟ್ಟ ಬಂತು. ಬರಲಿ, ಅಪ್ಪ ಏನು ನೆಟ್ಟಗಿದಾನಾ?

ರಂಗ ಅದನ್ನ ತಾನೇ ಬರೆದಂಗೆ ಕೊಟ್ಟ. ಅಪ್ಪ ಹಾಳೆ ಬಿಟ್ಟ. ಕಾಗದದ ಅಪ್ಪ ಕುಸಿದ, ಉಬ್ಬಿದ, ಎದ್ದ. ಚುಂಗು ಹಿಂದಿಂದ ಬಂದು ಕಿವಿಗೆ ಬಡೀತು. ಅಪ್ಪ ನಕ್ಕೂ ನಕ್ಕೂ ಕೆಮ್ಮಿದ. ಹಾಳೆ ಹಿಂದಿಂದ ಬಿಟ್ಟು ತನ್ನನ್ನ ಕೂರಿಸಿದ, ಮತ್ತೆ ಎಬ್ಬಿಸಿದ. ನಾನು ಬಾಗಿಲ ಮರೇಲಿ ಕೈ ಮುಗ್ಕೊಂಡು ನಿಂತಿದ್ದೆ.

ಇದ್ದಕ್ಕಿದ್ದಂಗೆ ನಗು ನಿಲ್ತು. "ಎಡಗಾಲು ಊರಾಕೆ ಈ ಬೊಂಬೆ ಹೆದರ್ತದೆ. ಮಂಡಿ ನೋವು ಅಂತ ನಾನು ಯಾರಿಗೂ ಹೇಳಿಲ್ಲ. ಇದು ರಂಗ ಬರೆದಿದ್ದಲ್ಲ. ಹನುಮಿ, ಬಾ ಇಲ್ಲಿ."

ಮದುವೆ ಮುರೀತು ಅಂದ್ಕೊಂಡೇ ಹೋದೆ. ಅಳು ತಡೆಯಕ್ಕೆ ಆಗ್ಲಿಲ್ಲ.

ಅಪ್ಪ ರಂಗನ ಕಡೆ ತಿರುಗಿದ. "ಇವಳನ್ನ ಕಳಿಸ್ಬುಟ್ರೆ ನನ್ನನ್ನ ಇಷ್ಟು ನೋಡೋರು ಯಾರ್ಲಾ ಅವ್ರೆ? ಕಳಿಸಾಕಿಲ್ಲ. ನೀನೇ ಮನೆ ಅಳಿಯನಾಗಿ ಬಂದ್ಬುಡು. ಅವಳು ಬರೀಲಿ, ನೀನು ಎಮ್ಮೆ ನೋಡ್ಕೋ."