ಜೊತೆಗೆ ಬರುವ ದನಿ

ಕ್ಷೌರಿಕ ಬಾಯಿ ತೆರೆದರೆ ಅವನ ಕತ್ತರಿಯೂ ಕಿವಿಗೊಡುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ಮೂರು ಕುರ್ಚಿ, ಎರಡು ಕನ್ನಡಿಯ ಆ ಅಂಗಡಿಗೆ ಜನ ಬರುತ್ತಿದ್ದುದು ಕೂದಲು ಬೆಳೆದಿದೆಯೆಂದಲ್ಲ, ಅವನ ಮಾತು ಕೇಳಲೆಂದು. ಅಂಥವನ ಗಂಟಲಲ್ಲಿ ಗಂಟು ಕಾಣಿಸಿ, ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಅವನ ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಆಪರೇಷನ್ನಿಗೆ ಹನ್ನೊಂದು ದಿನವಿತ್ತು. ಹೊರಗಿನ ಸದ್ದು ಬಾರದಂತೆ ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಗಂಡನಿಂದ ಎಂಟುನೂರು ವಾಕ್ಯ ಓದಿಸಿ ಫೋನಿನಲ್ಲಿ ಮುದ್ರಿಸಿಕೊಂಡಳು.

ಅವಳು ಗಣಿತದ ಟೀಚರು. ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ಅದೇ ಹೆಸರು. ಮುದ್ರಿಸಿದ ವಾಕ್ಯಗಳಿಂದ ಒಬ್ಬರ ದನಿಯನ್ನು ಕಟ್ಟಿಕೊಡುವ ಸೌಲಭ್ಯವೊಂದನ್ನು ದೊಡ್ಡ ಕಂಪನಿಯೊಂದು ಎಲ್ಲರಿಗೂ ತೆರೆದಿಟ್ಟಿತ್ತು. ಅದೇ ಕಂಪನಿಯ ಪಾಠಗಳನ್ನು ಓದಿ, ಬಿದ್ದು ಎದ್ದು, ಟೀಚರು ಒಂದು ಆ್ಯಪ್ ಬರೆದಳು. ಫೋನಿನಲ್ಲಿ ಟೈಪ್ ಮಾಡಿದರೆ ಸಾಕು, ಅದು ಕ್ಷೌರಿಕನ ದನಿಯಲ್ಲೇ ಮಾತಾಡುತ್ತಿತ್ತು. ಸುದ್ದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿತು. ಮೂರು ವರ್ಷದಲ್ಲಿ, ಮೊದಲೇ ವಾಕ್ಯ ಮುದ್ರಿಸಿಟ್ಟು ಆಮೇಲೆ ದನಿ ಕಳೆದುಕೊಂಡ ಇನ್ನೂ ಅರವತ್ತೊಂದು ಜನ ಅದರಲ್ಲಿ ತಮ್ಮ ತಮ್ಮ ದನಿಯಲ್ಲಿ ಮಾತಾಡತೊಡಗಿದರು.

ಆಗ ಕಂಪನಿಯಿಂದ ಪತ್ರ ಬಂತು. ಸೌಲಭ್ಯವನ್ನು ತೊಂಬತ್ತು ದಿನಗಳಲ್ಲಿ ನಿಲ್ಲಿಸುತ್ತೇವೆ, ಉಳಿಸಿಟ್ಟ ದನಿಗಳನ್ನು ಅಳಿಸುತ್ತೇವೆ, ಸಹಕಾರಕ್ಕೆ ಧನ್ಯವಾದ.

ಟೀಚರು ಬರೆದ ನಾಲ್ಕು ಪತ್ರಗಳಿಗೂ ಯಂತ್ರವೇ ಉತ್ತರಿಸಿತು. ಕಂಪನಿಯನ್ನು ನಂಬಿ ಆ್ಯಪ್ ಕಟ್ಟುವವರೆಲ್ಲ ಸೇರುವ ಆನ್‌ಲೈನ್ ಚರ್ಚಾಕಟ್ಟೆಯಲ್ಲಿ ಕೇಳಿದರೆ, “ಆನೆ ನಡೆದದ್ದೇ ದಾರಿ ಕಣಕ್ಕ. ನಮಗೂ ಹೀಗೇ ಕೈಕೊಟ್ರು, ನಾವು ಗಂಟುಮೂಟೆ ಕಟ್ಟಿದ್ವಿ,” ಎಂದರು ಹಳಬರು. ಇನ್ನೊಂದು ಕಂಪನಿಯವನು ವಾಸನೆ ಹಿಡಿದು ತಾನೇ ಫೋನ್ ಮಾಡಿದ.

“ನಮ್ಮ ಕಡೆ ಬಂದ್ಬಿಡಿ ಮೇಡಂ. ಎಲ್ಲಾ ನಾವೇ ನೋಡ್ಕೋತೀವಿ.”

“ಮುಂದೆ ಯಾವತ್ತಾದ್ರೂ ನಾವು ಹೊರಟ್ರೆ ದನಿ ನಮ್ಮ ಜೊತೆ ಬರುತ್ತಾ?”

“ಬರೋಕೆ ಮುಂಚೆನೇ ಹೋಗೋ ಮಾತಾ ಮೇಡಂ?”

“ಹೊರಗೆ ಹೋಗೋ ಬಾಗಿಲು ನೋಡ್ಕೊಂಡೇ ಒಳಗೆ ಕಾಲಿಡ್ತೀನಪ್ಪ. ಬರುತ್ತಾ, ಇಲ್ವಾ?”

ಅವನು ಕಾಗದ ತಿರುವಿ ಹಾಕುವುದು ಕೇಳಿಸಿತು. “ಕರಾರಿನಲ್ಲಿ ಅದು ಇಲ್ಲ,” ಎಂದ.

ಅಂದು ಟೀಚರು ಚರ್ಚಾಕಟ್ಟೆಯಲ್ಲಿ ಎರಡೇ ಸಾಲು ಬರೆದಳು: “ನನ್ನ ಗಂಡ ಮೊದಲ ಸಲ ದನಿ ಕಳೆದುಕೊಂಡದ್ದು ಕಾಯಿಲೆಯಿಂದ. ಎರಡನೇ ಸಲ ಕಳೆದುಕೊಂಡರೆ ಅದು ನಿಮ್ಮಿಂದ.”

ಮೂರನೇ ದಿನ ಊಟದ ಬಿಡುವಿನಲ್ಲಿ, ಟೀಚರುಗಳ ಕೋಣೆಯಲ್ಲಿ ಉತ್ತರಪತ್ರಿಕೆಗಳ ರಾಶಿಯ ನಡುವೆ ಫೋನ್ ಸದ್ದಾಯಿತು. ಆ ಕಡೆ ಒಬ್ಬ ಹೆಂಗಸು, ದೊಡ್ಡ ಕಂಪನಿಯ ಎಂಜಿನಿಯರ್.

“ಈ ನಿರ್ಧಾರ ತಗೊಂಡಾಗ ನಾನೂ ಆ ಕೋಣೇಲಿದ್ದೆ. ಇದನ್ನ ಯಾರು ಬಳಸ್ತಾರೆ ಅಂತ ಕೇಳಿದ್ರು. ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಜನ ಅಂದವಳು ನಾನೇ. ನಿಮ್ಮ ಸಾಲು ಓದಿದ ಮೇಲೆ ನಿದ್ದೆ ಬಂದಿಲ್ಲ.”

ಬೈಯಲು ಮೂರು ವಾರದಿಂದ ಮಾತು ಕೂಡಿಟ್ಟಿದ್ದ ಟೀಚರಿಗೆ ಒಂದೂ ನೆನಪಾಗಲಿಲ್ಲ. “ಈಗೇನು ಮಾಡೋದು?” ಎಂದಳು.

“ಆಗುತ್ತೆ ಅಂತ ಮಾತು ಕೊಡಲಾರೆ. ನಿಮ್ಮ ಯಜಮಾನ್ರು ನಮ್ಮ ಮೀಟಿಂಗಲ್ಲಿ ಮಾತಾಡ್ತಾರಾ?”

“ಮಾತಾಡ್ತಾರಾ ಅಂತ ಕೇಳ್ಬೇಡಿ. ನಿಲ್ಲಿಸ್ತಾರಾ ಅಂತ ಕೇಳಿ.”

ಮೀಟಿಂಗಿನ ದಿನ ಟೀಚರು ಲ್ಯಾಪ್‌ಟಾಪನ್ನು ಅಂಗಡಿಯ ಕನ್ನಡಿಗೆ ಒರಗಿಸಿದಳು. ಪರದೆಯ ಮೇಲೆ ಒಂಬತ್ತು ಗಂಭೀರ ಮುಖಗಳು. ಕ್ಷೌರಿಕ ನಿಧಾನವಾಗಿ ಟೈಪ್ ಮಾಡಿದ. ಅಷ್ಟೂ ಹೊತ್ತು ಅವರು ಕಾದರು.

“ತಡ ಆಗುತ್ತೆ, ಬೇಜಾರು ಮಾಡ್ಕೋಬೇಡಿ,” ಎಂದಿತು ಅವನ ದನಿ. “ಮೊದಲು ನಾಲಿಗೆ ಓಡ್ತಿತ್ತು, ಈಗ ಬೆರಳು ತೆವಳುತ್ತೆ. ಮೇಲಿನ ಸಾಲಲ್ಲಿರೋ ಸಾಹೇಬ್ರೇ, ಆ ಕಟಿಂಗ್ ಮಾಡಿದವನ ಹತ್ರ ಮತ್ತೆ ಹೋಗ್ಬೇಡಿ.”

ಸಾಹೇಬರು ತಲೆ ಮುಟ್ಟಿಕೊಂಡು ನಕ್ಕರು. ಕ್ಷೌರಿಕ ಮತ್ತೆ ಟೈಪ್ ಮಾಡಿದ.

“ನಮ್ಮಮ್ಮನಿಗೆ ಕಣ್ಣು ಕಾಣಲ್ಲ. ಅವಳ ಪಾಲಿಗೆ ನಾನು ಅಂದ್ರೆ ಈ ದನಿನೇ. ಇದನ್ನ ಅಳಿಸಿದ್ರೆ ಅವಳ ಕೋಣೆಗೆ ದಿನಾ ಯಾರೋ ಗುರುತಿಲ್ಲದವನು ಬಂದು ಹೋಗ್ತಾನೆ.”

ಎಂಜಿನಿಯರಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು.

ಐದು ವಾರಗಳ ನಂತರ ಕಂಪನಿ ತಪ್ಪಾಯಿತೆಂದು ಬಹಿರಂಗವಾಗಿ ಬರೆಯಿತು. ಹಳೆಯ ಸೌಲಭ್ಯ ಉಳಿಯಲಿಲ್ಲ. ಬದಲಿಗೆ ಪ್ರತಿಯೊಬ್ಬರ ದನಿಯನ್ನೂ ಅವರವರ ಫೋನಿಗೇ ಇಳಿಸಿಕೊಟ್ಟರು. ಇನ್ನು ಮೇಲೆ ಅದು ಕಂಪನಿಯ ಹಂಗಿಲ್ಲದೆ, ಯಾವ ಫೋನಿನಲ್ಲಾದರೂ ನಡೆಯುತ್ತಿತ್ತು. ಆ್ಯಪನ್ನು ಹೊಸದಾಗಿ ಹೊಂದಿಸಲು ಎಂಜಿನಿಯರಮ್ಮ ತನ್ನ ರಜೆಯ ನಾಲ್ಕು ಮಧ್ಯಾಹ್ನ ಟೀಚರ ಜೊತೆ ಫೋನಿನಲ್ಲಿ ಕೂತಳು. ಕೆಲಸ ಮುಗಿದ ದಿನ, “ಇನ್ನು ನೀವು ನಮ್ಮ ಕಂಪನಿ ಬಿಟ್ಟು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು,” ಎಂದಳು.

“ಹೋಗೋಕೆ ಬಿಟ್ರಲ್ಲ, ಅದಕ್ಕೇ ಇಲ್ಲೇ ಇರ್ತೀನಿ,” ಎಂದಳು ಟೀಚರು.

ಕಂಪನಿಯನ್ನು ಬಿಟ್ಟುಹೋದ ಹಳಬರಲ್ಲಿ ಕೆಲವರಷ್ಟೇ ಮರಳಿದರು. ಒಡೆದ ಹಾಲು ಮತ್ತೆ ಹಾಲಾಗಲ್ಲ ಎಂದರು ಉಳಿದವರು. ಟೀಚರು ಅವರೊಂದಿಗೆ ವಾದಕ್ಕಿಳಿಯಲಿಲ್ಲ. ತನಗೆ ಮಾಡಿದಂತೆ ಅವರಿಗೆ ಕಂಪನಿಯಿಂದ ಯಾರೂ ಫೋನ್ ಮಾಡಿರಲಿಲ್ಲ.

ಎಂಜಿನಿಯರಮ್ಮನಿಗೆ ಕೃತಜ್ಞತೆ ಹೇಳಲು ಟೀಚರು ಪತ್ರ ಬರೆಯಲು ಕೂತಳು. ಬರೆದಳು, ಅಳಿಸಿದಳು, ಯಾವುದೂ ಸರಿಬರಲಿಲ್ಲ. ಕೊನೆಗೆ ಆ್ಯಪ್ ಬಳಸುವ ಎಲ್ಲರಿಗೂ ಹೇಳಿಕಳಿಸಿದಳು: ಆಕೆಗೆ ಹೇಳಲು ನಿಮಗೆ ತೋಚಿದ್ದನ್ನು ನಿಮ್ಮ ದನಿಯಲ್ಲಿ ಹೇಳಿ ಕಳಿಸಿ. ಒಂದು ಭಾನುವಾರ ಅಂಗಡಿ ಮುಚ್ಚಿದ ಮೇಲೆ ಗಂಡ ಹೆಂಡತಿ ಕುರ್ಚಿಗಳಲ್ಲಿ ಕೂತು ಅವನ್ನೆಲ್ಲ ಒಂದೊಂದಾಗಿ ಕೇಳಿದರು. ಒಬ್ಬ ನಿವೃತ್ತ ಕಂಡಕ್ಟರ್ ಬಸ್ಸಿನಲ್ಲಿದ್ದಂತೆಯೇ ಗದರಿದ್ದ: “ತಾಯಿ, ನಿಮಗೆ ಯಾವಾಗ್ಲೂ ಕಿಟಕಿ ಪಕ್ಕದ ಸೀಟು.” ಒಬ್ಬ ಅಜ್ಜಿ ಮೊಮ್ಮಗಳಿಗೆ ಹೇಳುವ ಜೋಗುಳವನ್ನೇ ಆ್ಯಪಿನಿಂದ ಹಾಡಿಸಿ ಕಳಿಸಿದ್ದಳು. ದನಿ ಅಲ್ಲಲ್ಲಿ ತಾಳ ತಪ್ಪುತ್ತಿತ್ತು. ಟೀಚರು ಅದನ್ನು ತಿದ್ದಲು ಹೋಗದೆ, ಉಳಿದವುಗಳ ಜೊತೆ ಹಾಗೆಯೇ ಎಂಜಿನಿಯರಮ್ಮನಿಗೆ ಕಳಿಸಿದಳು.