ಹದಿನಾಲ್ಕನೇ ತಾರೀಖಿನ ವಿಮಾನ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ವಾರ್ಡಿನವರೆಲ್ಲ ಹೇಳುತ್ತಾರೆ. ಹೇಳಲಿ. ಹತ್ತೊಂಬತ್ತು ವರ್ಷ ಬರೀ ರಾತ್ರಿ ಪಾಳಿಯಲ್ಲೇ ನರ್ಸ್ ಕೆಲಸ ಮಾಡಿದವಳಿಗೆ ಅಷ್ಟಾದರೂ ಬೇಡವೇ? ಆ ಸಿಟ್ಟಿನಲ್ಲೇ ನಾನು ಟ್ರಾವೆಲ್ ಏಜೆಂಟನ ಮುಂದಿನಿಂದ ಎದ್ದು ಬಂದದ್ದು. ಅವನು ಹೇಳಿದ ರೇಟಿಗೆ ನಾವಿಬ್ಬರಿರಲಿ, ನಮ್ಮ ಸೂಟ್‌ಕೇಸೂ ವಿದೇಶ ಕಾಣುತ್ತಿರಲಿಲ್ಲ. ಎಲ್ಲ ನಾನೇ ಮಾಡುತ್ತೇನೆ ಅಂತ ತಂಗಿಗೆ ಹೇಳಿದೆ.

ತಂಗಿಗೆ ಹಿಮ ನೋಡಬೇಕಿತ್ತು. ಅವಳು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಿದ್ದಳು. ಗಿರಾಕಿ ಬಂದು ಬಿಳಿ ಕೊಡಿ ಅಂದರೆ 'ಯಾವ ಬಿಳಿ?' ಅಂತ ಕೇಳಿ ಅವನ ತಲೆ ತಿನ್ನುತ್ತಿದ್ದಳು. ಹಾಲಿನದು, ಸುಣ್ಣದ್ದು, ಮೂಳೆಯದು, ಒಗೆದೊಗೆದು ಸವೆದ ಬೆಡ್‌ಶೀಟಿನದು, ಹೀಗೆ ನಲವತ್ತು ಬಗೆ ಅವಳ ಲೆಕ್ಕದಲ್ಲಿ. ಏನೂ ಬೆರೆಯದ ಬಿಳಿ ಮಾತ್ರ ಇನ್ನೂ ನೋಡಿಲ್ಲ ಅನ್ನುತ್ತಿದ್ದಳು. ಹೋದ ವರ್ಷ ಒಂದು ಇಡೀ ಮನೆಯ ಬಣ್ಣ ಕೆಡಿಸಿದಳು. ಮಾಲೀಕ ಕೆಲಸದಿಂದ ಬಿಡಿಸಿದ. ಕಣ್ಣಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇದಕ್ಕೆ ಔಷಧಿಯಿಲ್ಲ, ಒಂದು ವರ್ಷ ಅಂತಲೂ ಭರವಸೆ ಕೊಡಲಾರೆ, ನೋಡಬೇಕಾದ್ದನ್ನು ಬೇಗ ನೋಡಿಬಿಡಲಿ ಅಂದರು. ಪಕ್ಕಕ್ಕೆ ಕರೆದು ಏನು ಪ್ರಯೋಜನ? ತಂಗಿಯ ಕಿವಿ ಚುರುಕಾಗಿತ್ತು.

ಎಂಟು ತಿಂಗಳು ಹೊಟ್ಟೆಬಟ್ಟೆ ಕಟ್ಟಿ ತಯಾರಿ ಮಾಡಿದೆವು. ಪಾಳಿ ಮುಗಿಸಿ ಬಂದವಳು ಮಲಗುವ ಮೊದಲು ಒಂದು ಗಂಟೆ ಫೋನ್ ಹಿಡಿದು ಕೂರುತ್ತಿದ್ದೆ. ಎಂಟು ಜನ ಮಲಗುವ ಹಾಸ್ಟೆಲ್ ಕೋಣೆಯಲ್ಲಿ ಎರಡು ಮಂಚ. ಅಡುಗೆಮನೆ ಬಳಸಬಹುದು. ನಿಲ್ದಾಣದಿಂದ ಟ್ಯಾಕ್ಸಿ ಇಲ್ಲ, ಬಸ್ಸು. ಬಸ್ಸಿಳಿದ ಮೇಲೆ ಕಾಲು. ಬೆಟ್ಟದ ಚಿತ್ರ ಸಿಕ್ಕಿದಾಗಲೆಲ್ಲ ತಂಗಿಯ ಮುಂದೆ ಹಿಡಿಯುತ್ತಿದ್ದೆ. ಮೊದಮೊದಲು ಅವಳು 'ಇದರಲ್ಲಿ ನೀಲಿ ಬೆರೆತಿದೆ, ಫೋಟೋದವನ ಕಿತಾಪತಿ' ಅಂತ ಜಗಳಕ್ಕೆ ಬರುತ್ತಿದ್ದಳು. ಆಮೇಲಾಮೇಲೆ 'ಚೆನ್ನಾಗಿದೆ' ಅಂತಷ್ಟೇ ಹೇಳತೊಡಗಿದಳು. ನೋಡಿ ನೋಡಿ ಸಾಕಾಗಿರಬೇಕು ಅಂದುಕೊಂಡೆ.

ಟಿಕೆಟ್ಟನ್ನಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಕೊನೆಗೊಂದು ಸಿಕ್ಕಿತು. ಹದಿನಾಲ್ಕನೇ ತಾರೀಖು, ರಾತ್ರಿ ಹನ್ನೆರಡೂ ನಲವತ್ತು. ಹೊತ್ತಲ್ಲದ ಹೊತ್ತಾದ್ದರಿಂದ ಅಗ್ಗ. ಬದಲಾಯಿಸುವ ಹಾಗಿಲ್ಲ, ಹಣ ವಾಪಸಿಲ್ಲ. ಹೊತ್ತಲ್ಲದ ಹೊತ್ತೇ ನನ್ನ ಹೊತ್ತು, ನನಗೇನು ಭಯ? ಡ್ಯೂಟಿಯಲ್ಲಿ ನನ್ನ ಫೋನ್ ಲಾಕರಿನಲ್ಲಿರುವುದರಿಂದ ಟಿಕೆಟ್ಟಿಗೆ ತಂಗಿಯ ನಂಬರ್ ಕೊಟ್ಟೆ. ಹದಿಮೂರರ ರಾತ್ರಿ ಕೊನೆಯ ಪಾಳಿ, ಹದಿನಾಲ್ಕರಿಂದ ಹನ್ನೆರಡು ದಿನ ರಜೆ ಅಂತ ಬರೆದುಕೊಟ್ಟೆ. ಮೇಟ್ರನ್ ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದಳು.

ಹದಿನಾಲ್ಕರ ಬೆಳಿಗ್ಗೆ ಪಾಳಿ ಮುಗಿಸಿ ಬಂದವಳಿಗೆ ನಿದ್ದೆಯೇ ಹತ್ತಲಿಲ್ಲ. ಸೂಟ್‌ಕೇಸ್ ತುಂಬಿದೆ, ತೂಕ ನೋಡಿದೆ, ತೆಗೆದೆ, ಮತ್ತೆ ತುಂಬಿದೆ. ಹಾಡಿಕೊಂಡೆ ಕೂಡ. ನನ್ನ ಗಂಟಲಿಗೆ ಪಕ್ಕದ ರಸ್ತೆಯ ನಾಯಿಗಳು ಎದ್ದಿರಬೇಕು. ತಂಗಿ ಮಂಚದ ಮೇಲೆ ಕೂತು ಸುಮ್ಮನೆ ಕೇಳುತ್ತಿದ್ದಳು. ಸಂಜೆ ಇಬ್ಬರೂ ಕೆಳಗಿನ ಮನೆಯ ಆಂಟಿ ಕೊಟ್ಟ ಹಳೇ ಸ್ವೆಟರ್ ಹಾಕಿಕೊಂಡು ಹೊರಟೆವು. ಸೆಕೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಆದರೆ ಸೂಟ್‌ಕೇಸಿನಲ್ಲಿ ಹಾಕಿದರೆ ತೂಕ ಮೀರುತ್ತಿತ್ತಲ್ಲ. ಆಂಟಿ ಮಾತ್ರ ಕಳಿಸಿಕೊಡಲು ಆಚೆ ಬರಲಿಲ್ಲ.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಟಿಕೆಟ್ಟನ್ನು ಎರಡು ಸಲ ನೋಡಿದಳು.

"ಮೇಡಂ, ಇದು ನಿನ್ನೆ ರಾತ್ರೀನೇ ಹೋಯ್ತು."

"ಹದಿನಾಲ್ಕು ಅಂತ ಇದೆಯಲ್ಲಮ್ಮಾ, ಇವತ್ತು ಹದಿನಾಲ್ಕು!"

"ಹದಿನಾಲ್ಕು ಶುರುವಾಗಿ ನಲವತ್ತು ನಿಮಿಷಕ್ಕೆ ಹೋಯ್ತು. ಅಂದ್ರೆ ನೀವು ಹದಿಮೂರರ ರಾತ್ರಿ ಬರ್ಬೇಕಿತ್ತು."

ವಾರ್ಡಿನ ರಿಜಿಸ್ಟರಿನಲ್ಲಿ ತಾರೀಖು ಬದಲಾಗುವುದು ಬೆಳಿಗ್ಗೆ ಎಂಟಕ್ಕೆ, ಹಗಲಿನವರಿಗೆ ಚಾರ್ಜ್ ಕೊಟ್ಟ ಮೇಲೆ. ರಾತ್ರಿ ಒಂದಕ್ಕೆ ಕೊಟ್ಟ ಇಂಜೆಕ್ಷನ್ನೂ, ಮೂರಕ್ಕೆ ಹೋದ ಜೀವವೂ ಹಿಂದಿನ ದಿನದ ಪುಟಕ್ಕೇ. ಹತ್ತೊಂಬತ್ತು ವರ್ಷ ಹಾಗೇ ಬರೆದ ಕೈ ಇದು. ನಮ್ಮ ವಿಮಾನ ಹಾರುವಾಗ ನಾನು ಆರನೇ ಮಂಚದ ಮುದುಕನಿಗೆ ಇಂಜೆಕ್ಷನ್ ಕೊಟ್ಟು, ಹದಿಮೂರರ ಪುಟದಲ್ಲಿ ಅಚ್ಚುಕಟ್ಟಾಗಿ ಸಹಿ ಹಾಕುತ್ತಿದ್ದೆ.

ಮಾನ ಮರ್ಯಾದೆ ಬಿಟ್ಟು ಅಂಗಲಾಚಿದೆ. ಕಣ್ಣಿನ ರಿಪೋರ್ಟನ್ನು ಕೌಂಟರಿನ ಮೇಲೆ ಹರಡಿದೆ. ನಿಂತುಕೊಂಡಾದರೂ ಬರುತ್ತೇವೆ ಅಂದೆ. ವಿಮಾನದಲ್ಲಿ ನಿಂತುಕೊಂಡು! ಆ ಹುಡುಗಿ ನಗಲಿಲ್ಲ, ಅದೇ ದೊಡ್ಡದು. ಇಬ್ಬರಿಗೆ ಹೊಸ ಟಿಕೆಟ್ಟಿನ ಬೆಲೆ ಹೇಳಿದಳು. ಅದು ನನ್ನ ಆರು ತಿಂಗಳ ಸಂಬಳ.

ತಂಗಿ ಬೆಂಚಿನ ಮೇಲೆ ಸೂಟ್‌ಕೇಸ್ ತಬ್ಬಿಕೊಂಡು ಕೂತಿದ್ದಳು. ಹೇಗೆ ಹೇಳಲಿ ಅಂತ ಒದ್ದಾಡುತ್ತಿದ್ದೆ. ಅವಳೇ ಬಾಯಿಬಿಟ್ಟಳು.

"ಗೊತ್ತು ಅಕ್ಕಾ. ನಿನ್ನೆ ರಾತ್ರಿ ವಿಮಾನದವರ ಮೆಸೇಜ್ ಬಂದಿತ್ತು. ಬೆಳಿಗ್ಗೆ ಕೆಳಗಡೆ ಆಂಟಿ ಹತ್ರ ಓದಿಸ್ದೆ. ಅಷ್ಟರಲ್ಲಿ ನೀನು ಹಾಡ್ಕೊಂಡು ಮೆಟ್ಟಿಲು ಹತ್ತಿ ಬಂದೆ. ನೀನು ಹಾಡಿದ್ದು ನಾನ್ಯಾವತ್ತೂ ಕೇಳೇ ಇರ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ."

ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು. ಬೆಳಗಿನಿಂದ ಗೊತ್ತಿದ್ದೂ ಈ ಸ್ವೆಟರ್ ಹಾಕಿಸಿ, ಬಸ್ಸು ಹತ್ತಿಸಿ, ಆ ಕೌಂಟರಿನವರೆಗೂ ನನ್ನನ್ನು ಕುಣಿಯಲು ಬಿಟ್ಟಳಲ್ಲ ಅಂತ. ಆಮೇಲೆ ಆ ಒಂದು ಮಾತು ತಲೆಗೆ ಹೊಕ್ಕಿತು.

"ಓದಿಸ್ದೆ ಅಂದ್ರೆ? ನೀನೇ ಯಾಕೆ ಓದ್ಲಿಲ್ಲ?"

ಅವಳು ಸೂಟ್‌ಕೇಸಿನ ಹಿಡಿಯನ್ನು ತಿರುಗಿಸುತ್ತ ಕೂತಳು.

"ಓದೋಕಾಗಲ್ಲ. ಎರಡು ತಿಂಗಳಾಯ್ತು. ಮುಖಾನೂ ಕಾಣಲ್ಲ. ನೀನು ಕಂಬಳಿ ಹೊದ್ದುಕೊಂಡು ನಿಂತಿರೋ ಕಂಬದ ಥರ ಕಾಣ್ತೀಯ. ಹೇಳಿದ್ರೆ ನೀನು ಎಲ್ಲ ಬಿಟ್ಟು ಮತ್ತೆ ಆಸ್ಪತ್ರೆ ಸುತ್ತಿಸ್ತಿದ್ದೆ."

"ಮತ್ತೆ ಅಲ್ಲಿಗೆ ಹೋಗಿ ಏನೇ ನೋಡ್ತಿದ್ದೆ?"

"ಬೆಳಕು ಇನ್ನೂ ಕಾಣುತ್ತೆ ಅಕ್ಕಾ. ಬಿಳಿ ಕಾಣುತ್ತೆ. ದೊಡ್ಡ ಬಿಳಿ ಆದ್ರೆ ಚೆನ್ನಾಗೇ ಕಾಣುತ್ತೆ. ಅದೂ ಹೋಗೋಕೆ ಮುಂಚೆ ಅಂತ ನಿನ್ನ ಹಿಂದೆ ಬಿದ್ದಿದ್ದೆ."

ನನಗೆ ಅಳು ಬಂತು. ಎಲ್ಲರ ಮುಂದೆ, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ಬಾಯಿಬಿಟ್ಟು ಅತ್ತೆ. ನನ್ನ ಒಂದು ತಾರೀಖು ಅವಳ ಕೊನೆಯ ಬಿಳಿಯನ್ನು ತಿಂದುಹಾಕಿತ್ತು. ಅವಳು ನನ್ನ ಬೆನ್ನು ಸವರಲು ಕೈ ಚಾಚಿದಳು. ಕೈ ಮೊದಲು ಗಾಳಿಗೆ ಹೋಗಿ, ಆಮೇಲೆ ನನ್ನ ಭುಜಕ್ಕೆ ಬಂತು.

"ಇನ್ನು ರಜಾ ಯಾವಾಗ ಸಿಗುತ್ತೆ?" ಅಂತ ಕೇಳಿದಳು.

"ಮುಂದಿನ ವರ್ಷ. ಇದೇ ತಿಂಗಳು."

ಅವಳು ಸ್ವೆಟರ್ ಬಿಚ್ಚಿ, ತಡವಿ ತಡವಿ ಮಡಿಸಿ ನನ್ನ ಕೈಗಿಟ್ಟಳು. ಎರಡು ತಿಂಗಳಿಂದ ಗೋಡೆ ಸವರಿಕೊಂಡು, ಹೆಜ್ಜೆ ಎಣಿಸಿಕೊಂಡು, ನನಗೆ ಗೊತ್ತಾಗದ ಹಾಗೆ ನಡೆದಾಡಿದವಳು ಈಗ ಎದ್ದು ನಿಂತು ಕೈ ನೀಡಿದಳು.

"ನಡಿ ಅಕ್ಕಾ. ಮೆಟ್ಟಿಲು ಬಂದಾಗ ಹೇಳು."